ಕ್ಯಾಶುವಾಲ್ಟಿಯಲ್ಲಿ ಯಾವುದು ಮೊದಲು? ಸಕ್ಕರೆ, ಹಾರ್ಮೋನು, ರಕ್ತದ ಎಮರ್ಜೆನ್ಸಿ ಬಗ್ಗೆ ಚರ್ಚೆ

ರಾತ್ರಿಪಾಳಿ
ಎದೆನೋವಿಗೆ ನಮ್ಮ ಕ್ಯಾಶುವಾಲ್ಟಿ ಗೋಡೆ ಮೇಲೆ ಚಾರ್ಟ್ ಇದೆ. ಲಕ್ವಕ್ಕೆ ಇದೆ. ಕೀಟನಾಶಕ ಕುಡಿದು ಬಂದವರಿಗೂ ಇದೆ. ಸಕ್ಕರೆ, ಥೈರಾಯ್ಡ್, ಅಡ್ರಿನಲ್ (ಕಿಡ್ನಿ ಮೇಲಿನ ಹಾರ್ಮೋನು ಗ್ರಂಥಿ), ರಕ್ತ ಹೆಪ್ಪುಗಟ್ಟದ ಕಾಯಿಲೆ, ಇವಕ್ಕೆ ಏನೂ ಇಲ್ಲ. ಒಂದು ಚಾರ್ಟ್ ಮಾಡೋಣ ಅಂತ ಕೂತಿದ್ದೇನೆ. ನಮ್ಮದು ತಾಲ್ಲೂಕು ಆಸ್ಪತ್ರೆ. ರಕ್ತದ ಆಮ್ಲ, ಆಕ್ಸಿಜನ್ ಅಳೆಯುವ ಎಬಿಜಿ ಮೆಷಿನ್ ಇಲ್ಲ. ರಾತ್ರಿ ಲ್ಯಾಬ್‌ನಲ್ಲಿ ಯಾರೂ ಇರುವುದಿಲ್ಲ. ಗ್ಲೂಕೋಮೀಟರ್, ಇಸಿಜಿ, ಯೂರಿನ್ ಸ್ಟ್ರಿಪ್, ಕೈಯಲ್ಲಿರುವುದು ಇಷ್ಟೇ. ಜಿಲ್ಲಾಸ್ಪತ್ರೆಗೆ ಆಂಬುಲೆನ್ಸ್‌ನಲ್ಲಿ ಒಂದೂವರೆ ಗಂಟೆ.

ಔಷಧಿಗಳ ಪಟ್ಟಿ ಯಾವ ಪುಸ್ತಕದಲ್ಲಾದರೂ ಸಿಗುತ್ತದೆ. ನನಗೆ ಬೇಕಿರುವುದು ಕ್ರಮ. ಕಳಿಸುವ ಮುಂಚೆ ಯಾವುದು ಮೊದಲು, ಯಾವುದು ಆಮೇಲೆ? ಕೆಲವು ಕಾಯಿಲೆಯಲ್ಲಿ ರಿಪೋರ್ಟ್‌ಗೆ ಕಾದರೆ ಜೀವ ಹೋಗುತ್ತದೆ. ಕೆಲವಲ್ಲಿ ರಿಪೋರ್ಟ್ ನೋಡದೆ ಕೈಹಾಕಿದರೆ ಹೋಗುತ್ತದೆ. ಯಾವುದು ಯಾವ ಗುಂಪಿಗೆ ಸೇರಿದ್ದು ಅಂತ ನಡುರಾತ್ರಿ ನೆನಪಿಗೆ ಬರಬೇಕಲ್ವಾ?

ಡಿಕೆಎಯಿಂದ ಶುರು ಮಾಡೋಣ, ಅಂದರೆ ಇನ್ಸುಲಿನ್ ಸಾಲದೆ ರಕ್ತದಲ್ಲಿ ಕೀಟೋನ್ ಅನ್ನುವ ಆಮ್ಲ ತುಂಬಿಕೊಳ್ಳುವ ಸಕ್ಕರೆ ಕಾಯಿಲೆಯ ಎಮರ್ಜೆನ್ಸಿ. ಜಾಸ್ತಿ ಬರುವುದು ಅದೇ. ರೋಗಿಗಳ ಮನೆಯವರೂ ಇಲ್ಲಿ ಓದುತ್ತೀರಿ ಅಂತ ಗೊತ್ತು. ಪ್ರಶ್ನೆ ಕೇಳಿ, ಆದರೆ ಇಲ್ಲಿನ ಡೋಸ್ ನೋಡಿ ಮನೆಯಲ್ಲಿ ಯಾವ ಪ್ರಯೋಗವೂ ಬೇಡ.

ಮೆಡಿಸಿನ್_ಪಿಜಿ
ಸಾರ್, ಡಿಕೆಎಗೆ ಮೊದಲು ಸಲೈನ್, ಆಮೇಲೆ ಪೊಟ್ಯಾಸಿಯಂ ನೋಡುವುದು, ಮೂರನೆಯದು ಇನ್ಸುಲಿನ್. ನಮ್ಮಲ್ಲಿಗೆ ರೆಫರ್ ಆಗಿ ಬರುವವರಲ್ಲಿ ಇದು ತಿರುಗುಮುರುಗಾಗಿರುತ್ತದೆ. ಮೀಟರ್ 'ಹೈ' ಅಂತ ತೋರಿಸಿದ ತಕ್ಷಣ ಇನ್ಸುಲಿನ್ ಚುಚ್ಚಿರುತ್ತಾರೆ. ಒಂದು ಬಾಟಲಿ ಸಲೈನ್ ಸುಮ್ನೆ ಹನಿಹನಿ ಓಡುತ್ತಿರುತ್ತದೆ.

ಈ ರೋಗಿ ಎರಡು ದಿನದಿಂದ ಮೂತ್ರ, ವಾಂತಿಯಲ್ಲಿ ಪೊಟ್ಯಾಸಿಯಂ ಕಳೆದುಕೊಂಡೇ ಬಂದಿರುತ್ತಾನೆ. ರಕ್ತದಲ್ಲಿ ಆಮ್ಲ ಏರಿರುವುದರಿಂದ, ಇನ್ಸುಲಿನ್ ಇಲ್ಲದಿರುವುದರಿಂದ, ಜೀವಕೋಶದ ಒಳಗಿದ್ದದ್ದು ಹೊರಗೆ ಬಂದಿರುತ್ತದೆ. ಹಾಗಾಗಿ ರಿಪೋರ್ಟ್‌ನಲ್ಲಿ ನಾರ್ಮಲ್ ಕಾಣಬಹುದು. ನಾವು ಇನ್ಸುಲಿನ್ ಕೊಟ್ಟ ಕೂಡಲೇ ಅದೆಲ್ಲ ವಾಪಸ್ ಒಳಗೆ ಹೋಗುತ್ತದೆ. ಮೊದಲೇ ಪೊಟ್ಯಾಸಿಯಂ 3.5ಕ್ಕಿಂತ (ಲೀಟರ್‌ಗೆ ಮಿಲಿಮೋಲ್) ಕಡಿಮೆ ಇದ್ದರೆ ಹೃದಯದ ಲಯ ಕೆಟ್ಟು ಅಲ್ಲೇ ನಿಂತುಬಿಡಬಹುದು. ಅದಕ್ಕೇ 3.5 ದಾಟುವವರೆಗೆ ಇನ್ಸುಲಿನ್ ಮುಟ್ಟಬಾರದು. ಗಂಟೆಗೆ 10ರಿಂದ 20 ಮಿಲಿಮೋಲ್‌ನಂತೆ ಪೊಟ್ಯಾಸಿಯಂ ಕೊಟ್ಟು ಮೇಲೆ ತರಬೇಕು. ಮೂತ್ರ ಆಗುತ್ತಿದೆಯಾ ಅಂತಲೂ ನೋಡಿಕೊಳ್ಳಿ.

ರಾತ್ರಿಪಾಳಿ
ಲ್ಯಾಬ್ ಇಲ್ಲ ಅಂದೆನಲ್ಲಪ್ಪ. ಪೊಟ್ಯಾಸಿಯಂ ಎಲ್ಲಿಂದ ನೋಡಲಿ?

ಮೆಡಿಸಿನ್_ಪಿಜಿ
ಇಸಿಜಿ ಇದೆಯಲ್ಲ ಸಾರ್. ಟಿ ಅಲೆ ಚಪ್ಪಟೆ ಆಗಿ ಅದರ ಹಿಂದೆ ಯು ಅಲೆ ಕಂಡರೆ ಪೊಟ್ಯಾಸಿಯಂ ಕಡಿಮೆ ಅಂತ ಅನುಮಾನ ಪಡಿ. ಟಿ ಚೂಪಾಗಿ ಎದ್ದಿದ್ದರೆ ಜಾಸ್ತಿ. ಇಸಿಜಿ ಚೆನ್ನಾಗಿದ್ದ ಮಾತ್ರಕ್ಕೆ ಪೊಟ್ಯಾಸಿಯಂ ಸರಿ ಇದೆ ಅಂತೇನೂ ಅಲ್ಲ, ಅದು ನೆನಪಿರಲಿ.

ದೊಡ್ಡವರಿಗೆ, ಹೃದಯ ಮತ್ತು ಕಿಡ್ನಿ ಸರಿ ಇದ್ದರೆ, ಗಂಟೆಗೆ 500ರಿಂದ 1000 ಎಂಎಲ್ ಸಲೈನ್ ಹಾಕಿಕೊಂಡು ಆಂಬುಲೆನ್ಸ್ ಹತ್ತಿಸಿ. ಬರೀ ನೀರಿಗೇ ಸಕ್ಕರೆ ಎಷ್ಟೋ ಇಳಿಯುತ್ತದೆ. ಇನ್ಸುಲಿನ್ ಒಂದು ಗಂಟೆ ತಡವಾದರೆ ಯಾರೂ ಸಾಯುವುದಿಲ್ಲ, ಸಲೈನ್ ತಡವಾದರೆ ಸಾಯುತ್ತಾರೆ. ಮಕ್ಕಳಲ್ಲಂತೂ ಸಲೈನ್ ಶುರುವಾಗಿ ಒಂದು ಗಂಟೆಯಾದ ಮೇಲೆಯೇ ಇನ್ಸುಲಿನ್, ಅದೂ ಬೋಲಸ್ (ಒಂದೇ ಸಲಕ್ಕೆ ಕೊಡುವ ದೊಡ್ಡ ಡೋಸ್) ಇಲ್ಲದೆ. ಮಗುವಿಗೆ ತಲೆನೋವು ಬಂತು, ಮಂಕಾಯಿತು, ನಾಡಿ ನಿಧಾನವಾಯಿತು ಅಂದರೆ ಮೆದುಳಿನ ಊತ ಅಂತಲೇ ತಿಳಿದುಕೊಳ್ಳಿ.

ವಾರ್ಡ್_ಸಿಸ್ಟರ್
ಡಾಕ್ಟ್ರು ಬರೆಯುವುದು ಒಂದೇ ಸಾಲು: 'ರೆಗ್ಯುಲರ್ ಇನ್ಸುಲಿನ್ 50 ಯೂನಿಟ್, 50 ಎಂಎಲ್ ಸಲೈನ್‌ನಲ್ಲಿ'. ಅದನ್ನು ತುಂಬುವವರು ನಾವು. ನಮ್ಮ ದೇಶದಲ್ಲಿ ವಯಲ್ ಎರಡು ಥರ ಸಿಗುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್‌ನದ್ದು, ಒಂದು ಎಂಎಲ್‌ಗೆ 100 ಯೂನಿಟ್‌ನದ್ದು. 40ರ ವಯಲ್ ಆದರೆ 50 ಯೂನಿಟ್ ಅಂದರೆ 1.25 ಎಂಎಲ್. 100ರದ್ದಾದರೆ ಅರ್ಧ ಎಂಎಲ್. ಹೊಸದಾಗಿ ಸೇರಿದ ಹುಡುಗಿಯರು ವಯಲ್ ಮೇಲಿನ ನಂಬರ್ ಓದದೆ, ಕೈಗೆ ಸಿಕ್ಕ ಸಿರಿಂಜ್ ತಗೊಂಡರೆ ಡೋಸ್ ಎರಡೂವರೆ ಪಟ್ಟು ಹೆಚ್ಚುಕಮ್ಮಿ ಆಗುತ್ತದೆ. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ತುಂಬುವಾಗ ಇನ್ನೊಬ್ಬರು ಪಕ್ಕದಲ್ಲಿ ನಿಂತು ಜೋರಾಗಿ ಓದಬೇಕು. ನಿಮ್ಮ ಚಾರ್ಟ್‌ನಲ್ಲಿ ಇದನ್ನೇ ದೊಡ್ಡದಾಗಿ ಬರೆಯಿರಿ ಸಾರ್.

ಇನ್ನೊಂದು. ಇನ್ಸುಲಿನ್ ಪ್ಲಾಸ್ಟಿಕ್ ಟ್ಯೂಬಿಗೆ ಅಂಟಿಕೊಳ್ಳುತ್ತದೆ. ಮೊದಲ 20 ಎಂಎಲ್ ಲೈನ್‌ನಲ್ಲಿ ಹರಿಸಿ ಚೆಲ್ಲಿ, ಆಮೇಲೆ ರೋಗಿಗೆ ಜೋಡಿಸಿ. ಇಲ್ಲಾಂದ್ರೆ ಮೊದಲ ಗಂಟೆ ರೋಗಿಗೆ ಹೋಗುವುದು ಬರೀ ಸಲೈನ್. 'ಸಕ್ಕರೆ ಇಳೀಲೇ ಇಲ್ಲ ಸಿಸ್ಟರ್' ಅಂತ ಬೈಸಿಕೊಳ್ಳುವವರು ನಾವು.

ಟೈಪ್1_ತಾಯಿ
ನಮಸ್ಕಾರ. ನನ್ನ ಮಗಳಿಗೆ ಟೈಪ್ 1. ಒಮ್ಮೆ ಅಡ್ಮಿಟ್ ಆದಾಗ ಸಕ್ಕರೆ 140ಕ್ಕೆ ಬಂತು ಅಂತ ಇನ್ಸುಲಿನ್ ಡ್ರಿಪ್ ತೆಗೆದುಬಿಟ್ಟರು. ಬೆಳಿಗ್ಗೆ ಹೊತ್ತಿಗೆ ಮತ್ತೆ ಅದೇ ಉಸಿರು, ಅದೇ ವಾಂತಿ. ಆಸ್ಪತ್ರೆ ಹೆಸರು ಬೇಡ. ಸಕ್ಕರೆ ಸರಿಯಾದ ಮೇಲೂ ಇನ್ಸುಲಿನ್ ಬೇಕಾ?

ಎಂಡೋ_ಓಪಿಡಿ
ಖಂಡಿತ ಬೇಕು ತಾಯಿ. ಡಿಕೆಎಯಲ್ಲಿ ಇನ್ಸುಲಿನ್ ಕೊಡುವುದು ಸಕ್ಕರೆ ಇಳಿಸಲು ಅಲ್ಲ, ಕೀಟೋನ್ ನಿಲ್ಲಿಸಲು. ಸಕ್ಕರೆ ಬೇಗ ಇಳಿಯುತ್ತದೆ, ಕೀಟೋನ್ ಇನ್ನೂ ಉಳಿದಿರುತ್ತದೆ. ಅದಕ್ಕೇ ಸಕ್ಕರೆ 250ರ ಕೆಳಗೆ ಬಂದಾಗ ಡ್ರಿಪ್‌ಗೆ ಡೆಕ್ಸ್ಟ್ರೋಸ್ ಸೇರಿಸಿ, ಇನ್ಸುಲಿನ್ ಅನ್ನು ಕೆಜಿಗೆ ಗಂಟೆಗೆ 0.1ರಿಂದ 0.05 ಯೂನಿಟ್‌ಗೆ ಇಳಿಸುತ್ತೇವೆ. ನಿಲ್ಲಿಸುವುದಿಲ್ಲ. ಚರ್ಮದಡಿಯ ಲಾಂಗ್ ಆಕ್ಟಿಂಗ್ ಇನ್ಸುಲಿನ್ ಕೊಟ್ಟು ಒಂದೆರಡು ಗಂಟೆ ಕಳೆದ ಮೇಲೆಯೇ ಡ್ರಿಪ್ ತೆಗೆಯುವುದು. 'ಸಕ್ಕರೆಯೂ ಕೊಡ್ತಾರೆ, ಇನ್ಸುಲಿನ್ನೂ ಕೊಡ್ತಾರೆ, ಇದೇನು ತಮಾಷೆ' ಅಂತ ಮನೆಯವರು ಕೇಳುತ್ತಾರೆ. ಕೇಳಲಿ, ಬಿಡಿಸಿ ಹೇಳಬೇಕು.

ಡ್ಯೂಟಿ ಡಾಕ್ಟರ್‌ಗಳಿಗೆ ಒಂದು ಮಾತು. ಸಕ್ಕರೆ 180 ಇದೆ ಅಂತ ಡಿಕೆಎ ಅಲ್ಲ ಅನ್ನಬೇಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಮೂತ್ರದಲ್ಲಿ ಸಕ್ಕರೆ ಹೊರಹಾಕುತ್ತವೆ. ಹಾಗಾಗಿ ರಕ್ತದ ಸಕ್ಕರೆ ಸಾಧಾರಣವಾಗಿ ಕಂಡರೂ ಕೀಟೋನ್ ಏರಿರುತ್ತದೆ. 2020ರಲ್ಲಿ ಡಾಪಾ ಪೇಟೆಂಟ್ ಮುಗಿದ ಮೇಲೆ ಮಾತ್ರೆ ಅಗ್ಗವಾಗಿ, ಹಳ್ಳಿಯ ಮೆಡಿಕಲ್ ಸ್ಟೋರ್‌ನಲ್ಲೂ ಸಿಗುತ್ತದೆ. ಒಳ್ಳೆಯ ಮಾತ್ರೆಯೇ. ಆದರೆ ಉಪವಾಸ, ವಾಂತಿ, ಆಪರೇಷನ್ ಇದ್ದಾಗ ನುಂಗಿದರೆ ತೊಂದರೆ. ಆಪರೇಷನ್‌ಗೆ ಮೂರು ದಿನ ಮುಂಚೆ ನಿಲ್ಲಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದ ಸಕ್ಕರೆ ರೋಗಿ ಬಂದರೆ ಮಾತ್ರೆ ಚೀಟಿ ಕೇಳಿ ನೋಡಿ.

ರಾತ್ರಿಪಾಳಿ
ಸಕ್ಕರೆ ಕಡಿಮೆ ಆಗುವುದರ ಬಗ್ಗೆ ನಾನೇ ಒಂದು ಸಾಲು ಸೇರಿಸುತ್ತೇನೆ. ಏಕಾದಶಿ ಉಪವಾಸ ಮಾಡಿ, ಸಕ್ಕರೆ ಇಳಿಸುವ ಗ್ಲಿಮಿಪಿರೈಡ್ ಮಾತ್ರೆ ನುಂಗಿದ ಅಜ್ಜ. ಪ್ರಜ್ಞೆ ಇಲ್ಲ, ಸಕ್ಕರೆ 32. ಶೇ. 25ರ ಡೆಕ್ಸ್ಟ್ರೋಸ್ 100 ಎಂಎಲ್ ಹೋದದ್ದೇ ತಡ, ಎದ್ದು ಕೂತು ಕಾಫಿ ಕೇಳುತ್ತಾರೆ. ಮನೆಯವರು ಆಟೋ ಕರೆದಾಗಿರುತ್ತದೆ. ಬಿಡಲೇಬಾರದು. ಈ ಮಾತ್ರೆಯ ಪ್ರಭಾವ ಡೆಕ್ಸ್ಟ್ರೋಸ್‌ಗಿಂತ ಬಹಳ ಹೊತ್ತು ಇರುತ್ತದೆ. ಕಿಡ್ನಿ ಸುಸ್ತಾಗಿದ್ದರೆ ಇನ್ನೂ ಜಾಸ್ತಿ. ಒಂದು ಹಗಲು ಒಂದು ರಾತ್ರಿ ನೋಡಿಕೊಂಡೇ ಕಳಿಸಬೇಕು.

ಎಂಡೋ ಸಾರ್, ಅಡ್ರಿನಲ್ ಬಗ್ಗೆ ಹೇಳಿ.

ಎಂಡೋ_ಓಪಿಡಿ
ಇಲ್ಲಿ ಕ್ರಮ ಉಲ್ಟಾ. ಮೊದಲು ಔಷಧಿ, ಆಮೇಲೆ ರಿಪೋರ್ಟ್. ಬಿಪಿ 70ಕ್ಕೆ ಇಳಿದಿದೆ, ಸಲೈನ್ ಎಷ್ಟು ಹಾಕಿದರೂ ಏಳುತ್ತಿಲ್ಲ, ಸೋಡಿಯಂ ಕಡಿಮೆ, ಸಕ್ಕರೆ ಕಡಿಮೆ, ಹೊಟ್ಟೆನೋವು ವಾಂತಿ ಬೇರೆ. ಸಾಮಾನ್ಯವಾಗಿ 'ಸೆಪ್ಸಿಸ್' (ಸೋಂಕಿನಿಂದ ಮೈ ಕುಸಿಯುವುದು) ಅಂತ ಬರೆದು ಕಳಿಸುತ್ತಾರೆ. ಇಂಥವರಲ್ಲಿ ಕೆಲವರದ್ದು ಅಡ್ರಿನಲ್ ಕ್ರೈಸಿಸ್, ಅಂದರೆ ಅಡ್ರಿನಲ್ ಗ್ರಂಥಿಯ ಕಾರ್ಟಿಸಾಲ್ ಹಾರ್ಮೋನು ಸಾಲದೆ ಮೈ ಕುಸಿಯುವುದು. ಹೈಡ್ರೋಕಾರ್ಟಿಸೋನ್ ಸ್ಟೀರಾಯ್ಡ್ 100 ಮಿಲಿಗ್ರಾಂ ಐವಿ (ರಕ್ತನಾಳಕ್ಕೆ) ತಕ್ಷಣ, ರಕ್ತನಾಳ ಸಿಗದಿದ್ದರೆ ಐಎಂ (ಸ್ನಾಯುವಿಗೆ). ಮೊದಲ ಗಂಟೆಯಲ್ಲಿ ಒಂದು ಲೀಟರ್ ಸಲೈನ್. ಆಮೇಲೆ ಆರು ಗಂಟೆಗೊಮ್ಮೆ 50 ಮಿಲಿಗ್ರಾಂ. ಈ ವಯಲ್ ಅಸ್ತಮಾಕ್ಕೆ ಅಂತ ಎಮರ್ಜೆನ್ಸಿ ಟ್ರಾಲಿಯಲ್ಲಿ ಇದ್ದೇ ಇರುತ್ತದೆ. ಅನುಮಾನ ತಪ್ಪಾಗಿದ್ದರೂ ಒಂದು ಡೋಸ್‌ನಿಂದ ದೊಡ್ಡ ನಷ್ಟವಿಲ್ಲ. ಸರಿಯಾಗಿದ್ದು ಕೊಡದಿದ್ದರೆ ಜೀವ ಹೋಗುತ್ತದೆ.

ಯಾರ ಮೇಲೆ ಅನುಮಾನ ಪಡಬೇಕು? ನಮ್ಮ ಕಡೆ ಮೊದಲನೆಯವರು ಸ್ಟೀರಾಯ್ಡ್ ತಗೊಂಡು ದಿಢೀರ್ ಬಿಟ್ಟವರು. 'ಮಂಡಿನೋವಿಗೆ ಒಂದು ಪುಡಿ ಕೊಡ್ತಾರೆ, ಮೂರೇ ದಿನಕ್ಕೆ ಓಡಾಡಬಹುದು' ಅಂತ ಊರೂರಲ್ಲಿ ಹೇಳುತ್ತಾರಲ್ಲ, ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಮುಖ ದುಂಡಗೆ ಊದಿದೆ, ಚರ್ಮ ತೆಳ್ಳಗಾಗಿ ಮುಟ್ಟಿದಲ್ಲಿ ನೀಲಿಗಟ್ಟುತ್ತದೆ ಅಂದರೆ ಕೇಳಲೇಬೇಕು. ಎರಡನೆಯವರು ಅಡ್ರಿನಲ್ ಗ್ರಂಥಿಗೆ ಕ್ಷಯ ತಗುಲಿದವರು. ಅಂಗೈ ಗೆರೆ, ವಸಡು ಕಪ್ಪಾಗಿರುತ್ತದೆ. ಮೂರನೆಯವರು ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ಹೆಂಗಸರು. 'ಎದೆಹಾಲು ಬಂದಿತ್ತಾ ಅಮ್ಮ? ಆಮೇಲೆ ಮುಟ್ಟಾದಿರಾ?' ಎರಡಕ್ಕೂ ಇಲ್ಲ ಅಂದರೆ, ಉಳಿದ ಗ್ರಂಥಿಗಳನ್ನು ನಡೆಸುವ, ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯೇ ಒಣಗಿದೆ ಅಂತ ಅನುಮಾನ ಪಡಿ. ಹೆರಿಗೆಯಾಗಿ ಹತ್ತಿಪ್ಪತ್ತು ವರ್ಷವಾಗಿದ್ದರೂ ಕೇಳಿ. ಇವರ ಅಂಗೈ ಕಪ್ಪಾಗುವುದಿಲ್ಲ, ಬದಲಿಗೆ ಬಿಳಿಚಿಕೊಂಡಿರುತ್ತಾರೆ.

ಇವರಲ್ಲಿ ಥೈರಾಯ್ಡ್ ಹಾರ್ಮೋನೂ ಕಡಿಮೆ ಇರುತ್ತದೆ. ಅದನ್ನು ನೋಡಿ ಮೊದಲು ಥೈರಾಕ್ಸಿನ್ ಕೊಟ್ಟರೆ ದೇಹದ ಓಟ ಜಾಸ್ತಿಯಾಗಿ, ಉಳಿದಿದ್ದ ಚೂರು ಕಾರ್ಟಿಸಾಲ್ ಕೂಡ ಖಾಲಿ. ರೋಗಿ ಕುಸಿದುಬಿಡುತ್ತಾರೆ. ಮೊದಲು ಹೈಡ್ರೋಕಾರ್ಟಿಸೋನ್, ನಂತರ ಥೈರಾಕ್ಸಿನ್. ಥೈರಾಯ್ಡ್ ಹಾರ್ಮೋನು ತೀರಾ ಕಡಿಮೆಯಾಗಿ ಪ್ರಜ್ಞೆ ತಪ್ಪುವ ಮಿಕ್ಸಿಡಿಮಾ ಕೋಮಾಕ್ಕೂ ಇದೇ ಕ್ರಮ.

ಸ್ಟೀರಾಯ್ಡ್ ಕೊಟ್ಟ ಮೇಲೆ ಮೂತ್ರ ಜಾಸ್ತಿ ಹೋಗಿ ಸೋಡಿಯಂ ತಾನಾಗಿ ಏರತೊಡಗುತ್ತದೆ. 24 ಗಂಟೆಯಲ್ಲಿ ಈ ಏರಿಕೆ 8ರಿಂದ 10 ಮಿಲಿಮೋಲ್ ದಾಟಬಾರದು, ದಾಟಿದರೆ ಮೆದುಳಿಗೆ ಪೆಟ್ಟು. ಜಿಲ್ಲಾಸ್ಪತ್ರೆಯವರು ಇದನ್ನು ನೋಡಿಕೊಳ್ಳಬೇಕು.

ಲೀಡ್ಸ್_ನರ್ಸ್
ನಾನು ಹಾಸನದವಳು, ಈಗ ಇಂಗ್ಲೆಂಡಿನಲ್ಲಿ ಕೆಲಸ. ಇಲ್ಲಿ 2020ರಿಂದ ಸ್ಟೀರಾಯ್ಡ್ ಎಮರ್ಜೆನ್ಸಿ ಕಾರ್ಡ್ ಅಂತ ಮಾಡಿದ್ದಾರೆ. ಪ್ರೆಡ್ನಿಸಲೋನ್ 5 ಮಿಲಿಗ್ರಾಂ ಅಥವಾ ಜಾಸ್ತಿ ನಾಲ್ಕು ವಾರ ದಾಟಿ ತಗೊಳ್ಳುವವರಿಗೂ ಕೊಡುತ್ತಾರೆ. ಮೊದಲ ಡೋಸ್ ಎಷ್ಟು ಅನ್ನುವುದು ಕಾರ್ಡಿನ ಮೇಲೇ ಅಚ್ಚಾಗಿರುತ್ತದೆ. ಊರಲ್ಲಿರುವ ನಮ್ಮ ಅತ್ತೆಗೆ ನಾನೇ ಒಂದು ಚೀಟಿ ಕನ್ನಡದಲ್ಲಿ ಬರೆದು ಆಧಾರ್ ಕಾರ್ಡ್ ಹಿಂದೆ ಇಟ್ಟು ಲ್ಯಾಮಿನೇಟ್ ಮಾಡಿಸಿದ್ದೇನೆ. 'ಇದೇನೇ ತಾಯತ' ಅಂತ ನಗುತ್ತಾರೆ. ಬ್ಯಾಗಲ್ಲಿ ಮಾತ್ರ ಇಟ್ಟುಕೊಂಡಿದ್ದಾರೆ.

ಮಲೆನಾಡ_ಪಿಎಚ್‌ಸಿ
ಪಿಟ್ಯುಟರಿ ಮಾತು ಬಂತಲ್ಲ, ಕೊಳಕುಮಂಡಲ ಕಚ್ಚಿ ಬದುಕಿದವರಲ್ಲೂ ಅದು ಆಗುತ್ತದೆ. ಕಚ್ಚಿದ ವಾರದಲ್ಲೇ ಆಗಬಹುದು, ವರ್ಷಗಳ ನಂತರವೂ ಗೊತ್ತಾಗಬಹುದು. ಸುಸ್ತು, ಬಿಪಿ ಕಡಿಮೆ, ಗಡ್ಡ ಮೀಸೆ ಉದುರಿದೆ ಅಂತ ಬಂದರೆ 'ಹಿಂದೆ ಹಾವು ಕಚ್ಚಿತ್ತಾ' ಅಂತ ಕೇಳಿ.

ಕಚ್ಚಿದ ದಿನದ್ದು ರಕ್ತದ ಕಥೆ. ಆ ವಿಷ ಹೆಪ್ಪುಗಟ್ಟುವ ಅಂಶಗಳನ್ನೆಲ್ಲ ಬಳಸಿ ಖಾಲಿ ಮಾಡುತ್ತದೆ. ಪತ್ತೆಗೆ ಲ್ಯಾಬ್ ಬೇಡ, ಒಂದು ಗಾಜಿನ ಟ್ಯೂಬ್ ಸಾಕು. 2 ಎಂಎಲ್ ರಕ್ತ ಹಾಕಿ, 20 ನಿಮಿಷ ಅಲ್ಲಾಡಿಸದೆ ಇಟ್ಟು, ಒಂದು ಸಲ ವಾಲಿಸಿ ನೋಡಿ. ನೀರಿನಂತೆ ಹರಿದರೆ ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು). ಪ್ಲಾಸ್ಟಿಕ್ ಟ್ಯೂಬ್ ಆಗದು, ಅದರಲ್ಲಿ ಒಳ್ಳೆಯ ರಕ್ತವೂ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ. ಸೋಪುಪುಡಿಯಲ್ಲಿ ತೊಳೆದ ಗಾಜೂ ಹಾಗೇ. ಐದೈದು ನಿಮಿಷಕ್ಕೆ ಎತ್ತಿ ನೋಡುವ ಚಾಳಿಯೂ ಬೇಡ. ನಾವು ಟೈಮ್ ಬರೆದು ಟ್ಯೂಬಿಗೆ ಪ್ಲಾಸ್ಟರ್ ಅಂಟಿಸಿ ಕಿಟಕಿ ಕಟ್ಟೆ ಮೇಲೆ ನಿಲ್ಲಿಸುತ್ತೇವೆ. ಮುಟ್ಟಿದವರಿಗೆ ಬೈಗುಳ ಗ್ಯಾರಂಟಿ.

ಹೌಸ್‌ಸರ್ಜನ್_ಹುಡುಗ
ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂದರೆ ಮೊದಲು ಎಫ್‌ಎಫ್‌ಪಿ (ಹೆಪ್ಪುಗಟ್ಟುವ ಅಂಶಗಳಿರುವ, ಫ್ರೀಜ್ ಮಾಡಿದ ಪ್ಲಾಸ್ಮಾ) ಹಾಕಬಾರದಾ? ನಮ್ಮ ಕಡೆ ಕೆಲವರು ಹಾಗೇ ಮಾಡುತ್ತಾರೆ.

ಮಲೆನಾಡ_ಪಿಎಚ್‌ಸಿ
ವಿಷ ಇನ್ನೂ ರಕ್ತದಲ್ಲಿ ಓಡಾಡುತ್ತಿರುವಾಗ ಪ್ಲಾಸ್ಮಾ ಹಾಕಿದರೆ ತೂತು ಬಿಂದಿಗೆಗೆ ನೀರು ಹೊಯ್ದಂತೆ ತಮ್ಮ. ಹಾಕಿದ ಅಂಶಗಳನ್ನೂ ಅದು ತಿಂದುಹಾಕುತ್ತದೆ. ಮೊದಲು ಎಎಸ್‌ವಿ. ಸಾಮಾನ್ಯವಾಗಿ 10 ವಯಲ್, ಮಗುವಿಗೂ ದೊಡ್ಡವರಿಗೂ ಅಷ್ಟೇ. ಹಾವು ಮಗು ಅಂತ ನೋಡಿ ವಿಷ ಕಡಿಮೆ ಬಿಡುವುದಿಲ್ಲ. ಎಎಸ್‌ವಿಗೆ ಅಲರ್ಜಿ ಆದರೆ ಕೊಡಲು ಅಡ್ರಿನಲಿನ್ ಸಿರಿಂಜ್‌ನಲ್ಲಿ ತುಂಬಿ ಪಕ್ಕದಲ್ಲಿ ಇಟ್ಟುಕೊಂಡೇ ಶುರು ಮಾಡಿ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಟೆಸ್ಟ್. ಲಿವರ್ ಹೊಸದಾಗಿ ತಯಾರಿಸಲು ಅಷ್ಟು ಹೊತ್ತು ಬೇಕು.

ಒಂದು ತಕರಾರೂ ಇದೆ. ಕೊಡಗು, ಮಲೆನಾಡಿನ ಕಾಫಿ ತೋಟದಲ್ಲಿ ಸಿಗುವ ಗೂನುಮೂತಿಯ ಮಂಡಲದ ಹಾವಿಗೆ ನಮ್ಮ ಎಎಸ್‌ವಿ ಕೆಲಸ ಮಾಡುವುದಿಲ್ಲ. ಈ ಎಎಸ್‌ವಿ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ ಮಾತ್ರ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತ ವರದಿ ಮಾಡಲೇಬೇಕಾದ ಕಾಯಿಲೆ. ಕೇಸ್ ಬಂದರೆ ರಿಪೋರ್ಟ್ ಮಾಡಿ.

ಹಿಮೋಫಿಲಿಯಾ_ಅಪ್ಪ
ನಾನು ಡಾಕ್ಟರ್ ಅಲ್ಲ, ಆದರೆ ಈ ವಿಷಯದಲ್ಲಿ ಕ್ರಮ ನನಗೆ ಬಾಯಿಪಾಠ. ನನ್ನ ಮಗನಿಗೆ ಹಿಮೋಫಿಲಿಯಾ, ಅಂದರೆ ರಕ್ತ ಹೆಪ್ಪುಗಟ್ಟಿಸುವ 'ಫ್ಯಾಕ್ಟರ್' ಅಂಶ ಹುಟ್ಟಿನಿಂದಲೇ ಕಡಿಮೆ. ಹುಡುಗ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ ಅಂತ ಓಡಿದರೆ 'ಮೊದಲು ಸಿಟಿ ಮಾಡಿಸಿ, ರಕ್ತ ಕಂಡರೆ ಫ್ಯಾಕ್ಟರ್ ಕೊಡೋಣ' ಅಂದರು. ಸಿಟಿಗೆ ಬೇರೆ ಊರಿಗೆ ಹೋಗಬೇಕಿತ್ತು. ನಾನು ಜಗಳ ಆಡಿ ಮೊದಲು ಫ್ಯಾಕ್ಟರ್ ಹಾಕಿಸಿದೆ. ದಯವಿಟ್ಟು ಚಾರ್ಟ್‌ನಲ್ಲಿ ಹಾಕಿ ಸಾರ್: ಮೊದಲು ಫ್ಯಾಕ್ಟರ್, ಆಮೇಲೆ ಸಿಟಿ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಬೇಡಿ. ಡೈಕ್ಲೋಫೆನಾಕ್, ಆಸ್ಪಿರಿನ್ ಬೇಡ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.

ರಕ್ತನಿಧಿ_ಟೆಕ್ನಿಷಿಯನ್
ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ತಲೆಪೆಟ್ಟಿಗೆ ರಕ್ತದಲ್ಲಿ ಫ್ಯಾಕ್ಟರ್ ಮಟ್ಟದ ಗುರಿ ಮಾಮೂಲಿನ 80ರಿಂದ 100 ಪರ್ಸೆಂಟ್. ಫ್ಯಾಕ್ಟರ್ 8 ಕೆಜಿಗೆ ಒಂದು ಯೂನಿಟ್ ಕೊಟ್ಟರೆ 2 ಪರ್ಸೆಂಟ್ ಏರುತ್ತದೆ, ಹಾಗಾಗಿ ಕೆಜಿಗೆ 50. ಇಪ್ಪತ್ತು ಕೆಜಿ ಹುಡುಗನಿಗೆ 1000 ಯೂನಿಟ್. ಫ್ಯಾಕ್ಟರ್ 9 ಆದರೆ ಒಂದು ಯೂನಿಟ್‌ಗೆ 1 ಪರ್ಸೆಂಟ್, ಡೋಸ್ ಡಬಲ್. ಫ್ಯಾಕ್ಟರ್ ಇಲ್ಲವೇ ಇಲ್ಲ ಅಂದರೆ 8ರ ಕೊರತೆಗೆ ಕ್ರಯೋ (ಪ್ಲಾಸ್ಮಾದಿಂದ ತೆಗೆದ ಸಾರ) ಹಾಕಬಹುದು. ಕ್ರಯೋದಲ್ಲಿ 9 ಇರುವುದಿಲ್ಲ, ಅವರಿಗೆ ಎಫ್‌ಎಫ್‌ಪಿ. ಈಗ ಕೆಲವರು ಫ್ಯಾಕ್ಟರ್ 8ರ ಕೆಲಸ ಮಾಡುವ ಎಮಿಸಿಜುಮಾಬ್ ಇಂಜೆಕ್ಷನ್ ಮೇಲಿದ್ದಾರೆ. ಅವರ ಎಪಿಟಿಟಿ (ಹೆಪ್ಪುಗಟ್ಟುವ ಹೊತ್ತಿನ ಟೆಸ್ಟ್) ರಿಪೋರ್ಟ್ ನಾರ್ಮಲ್ ಬರುತ್ತದೆ, ಅದನ್ನು ನಂಬಿ ಕೂರಬೇಡಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಹೆಸರು ಗೊತ್ತಿರಲಿ, ಮನೆಯವರಿಗೂ ಹೇಳಿ.

ಪ್ಲೇಟ್‌ಲೆಟ್ ಬಗ್ಗೆ ನನ್ನ ಗೋಳು ಕೇಳಿ. ಮಳೆಗಾಲ ಬಂದರೆ ಡೆಂಗಿ, ಕೌಂಟ್ 40,000 ಆದ ಕೂಡಲೇ 'ಪ್ಲೇಟ್‌ಲೆಟ್ ಕೊಡಿ' ಅಂತ ಜನ ಕ್ಯೂ. ರಕ್ತಸ್ರಾವ ಇಲ್ಲದಿದ್ದರೆ 10,000ಕ್ಕಿಂತ ಕೆಳಗೆ ಹೋಗುವವರೆಗೆ ಬೇಕಿಲ್ಲ. ಡೆಂಗಿಯಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ರಕ್ತನಾಳದಿಂದ ಸೋರುವ ನೀರು. ನೋಡಬೇಕಾದ್ದು ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು), ಬಿಪಿ, ಮೂತ್ರ. ಪ್ಲೇಟ್‌ಲೆಟ್ ಕಡಿಮೆ ಜೊತೆಗೆ ರಕ್ತಹೀನತೆ, ಗೊಂದಲದ ಮಾತು, ಸ್ಮಿಯರ್‌ನಲ್ಲಿ ಒಡೆದ ಕೆಂಪು ಕಣಗಳು ಕಂಡರೆ ಟಿಟಿಪಿ (ಸಣ್ಣ ರಕ್ತನಾಳಗಳಲ್ಲೆಲ್ಲ ಹೆಪ್ಪು ಕಟ್ಟುವ ಕಾಯಿಲೆ) ಇರಬಹುದು. ಅವರಿಗೆ ಪ್ಲೇಟ್‌ಲೆಟ್ ಹಾಕಿದರೆ ಕೇಡು. ಪ್ಲಾಸ್ಮಾ ಎಕ್ಸ್‌ಚೇಂಜ್ (ರೋಗಿಯ ಪ್ಲಾಸ್ಮಾ ತೆಗೆದು ಬೇರೆಯದು ಹಾಕುವುದು) ಇರುವ ಕಡೆಗೆ ಆ ಕ್ಷಣವೇ ಕಳಿಸಿ.

ಚಾಮರಾಜನಗರ_ಆಶಾ
ನಮ್ಮ ಕಾಡಂಚಿನ ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗಿ ನೋವು ತರುವ ವಂಶದ ಕಾಯಿಲೆ) ಇದೆ. 2023ರಲ್ಲಿ ಕೇಂದ್ರದ ಮಿಷನ್ ಶುರುವಾದ ಮೇಲೆ ಟೆಸ್ಟ್ ಮಾಡಿ ಕಾರ್ಡ್ ಕೊಡುತ್ತಿದ್ದಾರೆ. ಆದರೆ ನೋವು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋದರೆ 'ನಾಟಕ' ಅಂತಾರೆ. ನೋವಿಗೆ ಮೊದಲು ಏನು ಕೊಡಬೇಕು ಮೇಡಂ, ಸಾರ್?

ಮೆಡಿಸಿನ್_ಪಿಜಿ
ಅಕ್ಕಾ, ನೋವಿನ ಔಷಧಿಯೇ ಮೊದಲು. ಬಂದ ಒಂದು ಗಂಟೆಯೊಳಗೆ. ನೋವು ತೀವ್ರ ಇದ್ದರೆ ಮಾರ್ಫಿನ್ ಜಾತಿಯದ್ದೇ ಬೇಕು. ಪೆಥಿಡಿನ್ ಬೇಡ, ಫಿಟ್ಸ್ ಬರಬಹುದು. ಅರ್ಧ ಗಂಟೆ, ಒಂದು ಗಂಟೆಗೊಮ್ಮೆ ಮತ್ತೆ ಕೇಳಬೇಕು. ಡ್ರಿಪ್ ಹದವಾಗಿ, ಸುರಿದರೆ ಶ್ವಾಸಕೋಶಕ್ಕೆ ತೊಂದರೆ. ಎದೆನೋವು, ಜ್ವರ, ಕೆಮ್ಮು, ಆಕ್ಸಿಜನ್ ಇಳಿತ ಕಂಡರೆ ಅದು ಬೇರೆಯೇ ಅಪಾಯ. ಆಕ್ಸಿಜನ್, ಆಂಟಿಬಯೋಟಿಕ್ ಶುರು ಮಾಡಿ ರಕ್ತ ಹಾಕುವ ಸೌಲಭ್ಯ ಇರುವ ಕಡೆ ಕಳಿಸಬೇಕು. ಮುಂದಿನ ಸಲ ಕಾರ್ಡ್ ತೋರಿಸಿ 'ಸಿಕಲ್ ಸೆಲ್, ನೋವು ಹತ್ತಕ್ಕೆ ಒಂಬತ್ತು' ಅಂತ ಗಟ್ಟಿಯಾಗಿ ಹೇಳಿ.

ರಾತ್ರಿಪಾಳಿ
ಥೈರಾಯ್ಡ್ ಸ್ಟಾರ್ಮ್ (ಥೈರಾಯ್ಡ್ ಹಾರ್ಮೋನಿನ ಆರ್ಭಟ ವಿಪರೀತವಾಗುವುದು) ಉಳಿಯಿತು. ನನಗೆ ಗೊತ್ತಿರುವ ಕ್ರಮ: ಹೃದಯಬಡಿತ ಇಳಿಸುವ ಪ್ರೊಪ್ರನೊಲಾಲ್, ಹೈಡ್ರೋಕಾರ್ಟಿಸೋನ್, ಥೈರಾಯ್ಡ್ ತಡೆಯುವ ಮಾತ್ರೆ. ಅದಾಗಿ ಕನಿಷ್ಠ ಒಂದು ಗಂಟೆ ಬಿಟ್ಟು ಅಯೋಡಿನ್. ಸರಿನಾ ಎಂಡೋ ಸಾರ್?

ಎಂಡೋ_ಓಪಿಡಿ
ಸರಿ. ಅಯೋಡಿನ್ ಮೊದಲು ಹೋದರೆ ಗ್ರಂಥಿ ಅದರಿಂದಲೇ ಇನ್ನಷ್ಟು ಹಾರ್ಮೋನು ಮಾಡಿಕೊಳ್ಳಬಹುದು. ಅಸ್ತಮಾ ಇದ್ದರೆ, ಹೃದಯ ದುರ್ಬಲವಾಗಿದ್ದರೆ ಪ್ರೊಪ್ರನೊಲಾಲ್ ಬಗ್ಗೆ ಎರಡು ಸಲ ಯೋಚಿಸಿ. ಜ್ವರಕ್ಕೆ ಆಸ್ಪಿರಿನ್ ಬೇಡ. ತಾಲ್ಲೂಕಿನಲ್ಲಿ ಅಯೋಡಿನ್ ಗೊಡವೆಯೇ ಬೇಡ, ಉಳಿದದ್ದು ಕೊಟ್ಟು ಕಳಿಸಿ.

ವಾರ್ಡ್_ಸಿಸ್ಟರ್
ರೆಫರಲ್ ಚೀಟಿ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ. ಬರುವ ಚೀಟಿಯಲ್ಲಿ 'ಇನ್ಸುಲಿನ್, ಸಲೈನ್ ಕೊಟ್ಟಿದೆ' ಅಂತಷ್ಟೇ ಇರುತ್ತದೆ. ಎಷ್ಟು, ಎಷ್ಟು ಗಂಟೆಗೆ? ಸ್ಟೀರಾಯ್ಡ್ ಕೊಟ್ಟ ಟೈಮ್ ಇಲ್ಲದಿದ್ದರೆ ಮುಂದಿನ ಡೋಸ್ ಯಾವಾಗ ಅಂತ ನಾವು ಮನೆಯವರನ್ನು ಕೇಳಬೇಕು.

ರಾತ್ರಿಪಾಳಿ
ಚೀಟಿಯಲ್ಲಿ ಟೈಮ್‌ಗೇ ಒಂದು ಕಾಲಂ ಮಾಡಿಸುತ್ತೇನೆ ಸಿಸ್ಟರ್. ಹೈಡ್ರೋಕಾರ್ಟಿಸೋನ್ ಕೊಡುವ ಮುಂಚೆ ತೆಗೆದ ರಕ್ತವನ್ನೂ ಅದೇ ಆಂಬುಲೆನ್ಸ್‌ನಲ್ಲಿ ಕಳಿಸಿದರೆ ಉಪಯೋಗ ಆಗುತ್ತದಾ?

ರಕ್ತನಿಧಿ_ಟೆಕ್ನಿಷಿಯನ್
ಆಗುತ್ತದೆ ಸಾರ್. ಕಾರ್ಟಿಸಾಲ್‌ಗೆ ಕೆಂಪು ಮುಚ್ಚಳದ ಟ್ಯೂಬ್ ಸಾಕು, ಒಂದೂವರೆ ಗಂಟೆ ಪ್ರಯಾಣಕ್ಕೆ ಏನೂ ಆಗದು. ಎಸಿಟಿಎಚ್‌ಗೆ (ಅಡ್ರಿನಲ್ ನಡೆಸುವ ಪಿಟ್ಯುಟರಿ ಹಾರ್ಮೋನು) ನೇರಳೆ ಮುಚ್ಚಳದ್ದು, ಐಸ್‌ನಲ್ಲೇ ಬರಬೇಕು. ಲಸಿಕೆ ಬಾಕ್ಸ್‌ನ ಐಸ್‌ಪ್ಯಾಕ್ ಜೊತೆ ಇಟ್ಟು ಕಳಿಸಿ, ಟ್ಯೂಬ್ ನೇರವಾಗಿ ಐಸ್‌ಗೆ ಅಂಟದಂತೆ ಹತ್ತಿ ಸುತ್ತಿ. ಹೆಸರಿನ ಜೊತೆ 'ಸ್ಟೀರಾಯ್ಡ್‌ಗೆ ಮುಂಚೆ' ಅಂತ ಬರೆಯಿರಿ. ಅದೊಂದು ಇಲ್ಲದಿದ್ದರೆ ಆ ರಿಪೋರ್ಟ್ ಯಾರೂ ನಂಬುವುದಿಲ್ಲ.